ಪುಣ್ಯಕೋಟಿ ಸಂತೆಗೆ ಬಂದರೆ

ಸಂತೆಕಲ್ಲೂರಿನ ಕಡೆ ಕೂತು ಗೋವಿನ ಹಾಡು ಓದಿದರೆ ನಮಗೆ ಮೊದಲು ಕಾಣುವುದು ಅದರಲ್ಲಿ ಇಲ್ಲದ್ದು. ಬರ ಇಲ್ಲ, ಮೇವಿನ ಚಿಂತೆ ಇಲ್ಲ, ದಲ್ಲಾಳಿ ಇಲ್ಲ. ಕಾಳಿಂಗ ಗೊಲ್ಲ ದನಗಳನ್ನು ಹೆಸರು ಹಿಡಿದು ಕರೆಯುತ್ತಾನೆ, ಒಂದನ್ನೂ ಮಾರುವುದಿಲ್ಲ. ಆ ಹೆಸರುಗಳಲ್ಲಿ ತುಂಗಭದ್ರೆಯೂ ಒಂದು. ನಮ್ಮ ತುಂಗಭದ್ರೆ ಎಡದಂಡೆ ಕಾಲುವೆಯಾಗಿ ಸಿಂಧನೂರಿನ ಭತ್ತದ ಗದ್ದೆಗೆ ಬಂದಳು, ಲಿಂಗಸುಗೂರು ಕಡೆಯ ಎತ್ತರದ ಮಡ್ಡಿಗೆ ಹತ್ತಲಿಲ್ಲ.

ಮಡ್ಡಿ ಹೊಲದ ಸಣ್ಣ ರೈತ ಬಿತ್ತಿಗೆಗೆ ಎತ್ತು ಕೊಳ್ಳುತ್ತಾನೆ, ರಾಶಿ ಮುಗಿದು ಕಣಿಕಿ ತೀರಿದ ಮೇಲೆ ಮಾರುತ್ತಾನೆ. ಕೊಳ್ಳುವಾಗ ತುಟ್ಟಿ, ಮಾರುವಾಗ ಅಗ್ಗ. ಬಾಯಿ ತೆಗೆದು ಹಲ್ಲು ಎಣಿಸುತ್ತಾರೆ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ರೇಟು ಕಟ್ಟುತ್ತಾರೆ. ಎಷ್ಟಕ್ಕೆ ಹೋಯ್ತು ಅನ್ನೋದು ಸಾಕಿದವನಿಗೇ ಕೊನೆಗೆ ಗೊತ್ತಾಗ್ತದ. ನಮ್ಮ ಕೆಂಗುರಿಯಂತೂ ತೂಕಕ್ಕಲ್ಲ, ಕಣ್ಣಂದಾಜಿಗೆ; ಕಣ್ಣು ಕೊಳ್ಳುವವನದು. ಹೊಲವಿಲ್ಲದ ಹೆಣ್ಣುಮಗಳು ಇನ್ನೊಬ್ಬರ ಆಡನ್ನು ಪಾಲಿಗೆ ಸಾಕಿ ಅರ್ಧ ಮರಿ ಪಡೆಯುತ್ತಾಳೆ. ಇವರ ಹಾಡು ಎಲ್ಲಿದೆ?

ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುವ ಭಾಗ ಕೇಳಿ ಕರಗದವರಿಲ್ಲ. ಕಟ್ಟಿದವರಿಗೆ ದನ ಗೊತ್ತಿತ್ತು, ಒಪ್ಪೋಣ. ನಮ್ಮ ತಕರಾರು ಆ ಹೆಸರಿನಲ್ಲಿ ಆಳುವವರ ಮೇಲೆ. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತನ್ನು ಪ್ರಮಾಣಪತ್ರ ಪಡೆದು ಕಟುಕರಿಗೆ ಮಾರುವ ದಾರಿ ಇತ್ತು. ಆ ಕಾಸೇ ಮುಂದಿನ ಎತ್ತಿಗೆ ಮುಂಗಡ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನಷ್ಟೇ ಬಿಟ್ಟು ಆ ದಾರಿ ಮುಚ್ಚಿತು. ಮೀರಿದರೆ 3ರಿಂದ 7 ವರ್ಷ ಜೈಲು. 2022ರಲ್ಲಿ ‘ಪುಣ್ಯಕೋಟಿ ದತ್ತು ಯೋಜನೆ’ ಬಂತು: ಗೋಶಾಲೆಯ ಹಸುವಿಗೆ ವರ್ಷಕ್ಕೆ 11,000 ರೂಪಾಯಿ ಕೊಟ್ಟು ಪುಣ್ಯ ಕಟ್ಟಿಕೊಳ್ಳಿರಿ! ಮುದಿ ಎತ್ತು ಕಟ್ಟಿಕೊಂಡು ಕೂತ ರೈತನನ್ನು ಯಾರು ದತ್ತು ತಗೋತಾರ?

ಇನ್ನೊಂದು ಮಾತು. ಹುಲಿ ಸತ್ತಿತು, ಪುಣ್ಯಕೋಟಿ ಉಳಿದಳು. ಅವಳೂ ಒಂದು ದಿನ ಸಾಯಲೇಬೇಕಲ್ಲ. ಎಳೆದವರು ಯಾರು, ಸುಲಿದವರು ಯಾರು? ಆ ಕೇರಿ ಹಾಡಿನೊಳಗೆ ಇಲ್ಲ. 2016ರ ಜುಲೈಯಲ್ಲಿ ಗುಜರಾತಿನ ಊನಾದಲ್ಲಿ, ಸತ್ತ ದನದ ಚರ್ಮ ಸುಲಿಯುತ್ತಿದ್ದ ದಲಿತರನ್ನು ಗೋರಕ್ಷಕರು ಕಟ್ಟಿ ಹೊಡೆದರು. ಆಗ ಸುರೇಂದ್ರನಗರದ ದಲಿತರು ಸತ್ತ ದನಗಳನ್ನು ತಂದು ಕಲೆಕ್ಟರ್ ಕಚೇರಿಯ ಮುಂದೆ ಸುರಿದರು. ಗೋವಿನ ಹಾಡಿಗೆ ಇದಕ್ಕಿಂತ ಖಡಕ್ ವಿಮರ್ಶೆಯನ್ನು ನಾವು ಓದಿಲ್ಲ.

ಹಳ್ಳಿ ಶಾಲೆಯ ಮಾಸ್ತರುಗಳು ಈ ಪದ್ಯವನ್ನು ಬಿಡಬೇಕಾಗಿಲ್ಲ. ಪಾಠ ಮುಗಿದ ಮೇಲೆ ಮಕ್ಕಳನ್ನು ಕೇಳಲಿ: ನಿಮ್ಮ ಮನಿ ಎತ್ತು ಯಾವಾಗ ಮಾರಿದ್ರಿ, ಯಾಕ ಮಾರಿದ್ರಿ, ಎಷ್ಟು ಬಂತು?