ತೇಪೆಯ ಧರ್ಮ: ಒಂದು ಹಳೆಯ ಗಣಕ ಆಟದ ಪಾಠಪರಿಷ್ಕರಣ

ನಾನು ವೈದ್ಯ, ಸಾಹಿತ್ಯದ ವಿದ್ವಾಂಸನಲ್ಲ. ಗಣಕ ಆಟಗಳ ವಿಷಯದಲ್ಲಂತೂ ನೋಡುಗನೇ ಹೊರತು ಆಟಗಾರನಲ್ಲ. ನಿವೃತ್ತಿಯ ನಂತರ ಸಿಂಗಪುರದಲ್ಲಿ ಮಗನ ಮನೆಯಲ್ಲಿದ್ದೇನೆ. ಕಳೆದ ವರ್ಷ ಒಂದು ರಾತ್ರಿ ಅವನು ಕಾಲೇಜು ದಿನಗಳಲ್ಲಿ ಅರ್ಧಕ್ಕೇ ಬಿಟ್ಟಿದ್ದ ಆಟವೊಂದನ್ನು ಮತ್ತೆ ತೆರೆದು ಕೂತಿದ್ದ. “ಅಪ್ಪ, ಆಗ ಇದು ಮುಗಿಸೋಕೇ ಬಿಡ್ತಿರಲಿಲ್ಲ. ಈಗ ಯಾರೋ ಸರಿ ಮಾಡಿದ್ದಾರೆ” ಎಂದ. ಆ ‘ಯಾರೋ’ ಯಾರು, ‘ಸರಿ’ ಎಂದರೆ ಏನು ಎಂಬ ಎರಡು ಪ್ರಶ್ನೆಗಳಿಂದ ಈ ಲೇಖನ ಹುಟ್ಟಿತು.

ಆಟದ ಹೆಸರು ‘ವ್ಯಾಂಪೈರ್: ದಿ ಮಾಸ್ಕರೇಡ್ – ಬ್ಲಡ್‌ಲೈನ್ಸ್’. ಲಾಸ್ ಏಂಜಲೀಸ್ ನಗರದಲ್ಲಿ ಆಗತಾನೇ ರಕ್ತಪಿಶಾಚಿಯಾದವನ ಪಾತ್ರವನ್ನು ಆಟಗಾರ ವಹಿಸುತ್ತಾನೆ. ಅವನು ಆರಿಸಿಕೊಂಡ ಕುಲಕ್ಕೆ ತಕ್ಕಂತೆ ಮಾತುಕತೆಯೂ ಬದಲಾಗುತ್ತದೆ. ಟ್ರೋಯ್ಕಾ ಎಂಬ ಸಣ್ಣ ಸಂಸ್ಥೆ ಇದನ್ನು ರಚಿಸಿತು. 2004ರ ನವೆಂಬರ್ 16ರಂದು, ‘ಹಾಫ್-ಲೈಫ್ 2’ ಹೊರಬಂದ ದಿನವೇ, ಇದೂ ಮಾರುಕಟ್ಟೆಗೆ ಬಂತು. ಬರಹ ಉತ್ತಮವಾಗಿತ್ತು, ಆದರೆ ದೋಷಗಳು ಹೇರಳವಾಗಿದ್ದವು. ದೋಣಿ ಹತ್ತಿ ಹೊರಡುವ ಒಂದು ದೃಶ್ಯದಲ್ಲಿ ಆಟವೇ ಕುಸಿದುಬೀಳುತ್ತಿತ್ತು. ಸಂಸ್ಥೆ ಒಂದು ಅಧಿಕೃತ ಪ್ಯಾಚ್, ಅಂದರೆ ತೇಪೆ, ಕೊಟ್ಟಿತು. 2005ರ ಆರಂಭದಲ್ಲಿ ಬಾಗಿಲು ಮುಚ್ಚಿತು.

ಅನಾಥವಾದ ಈ ಕೃತಿಯ ಅನಧಿಕೃತ ತೇಪೆಯನ್ನು ಮೊದಲು ಆರಂಭಿಸಿದವರು ಡ್ಯಾನ್ ಅಪ್‌ರೈಟ್. ಅವರಿಂದ ಕೆಲಸವನ್ನು ವಹಿಸಿಕೊಂಡ ವೆರ್ನರ್ ಸ್ಪಾಲ್ ವೃತ್ತಿಯಿಂದ ಜರ್ಮನಿಯ ರಸಾಯನಶಾಸ್ತ್ರಜ್ಞ. ಸುಮಾರು ಎರಡು ದಶಕಗಳ ಕಾಲ ಅವರು ಆವೃತ್ತಿಯ ಮೇಲೆ ಆವೃತ್ತಿ ಹೊರತಂದಿದ್ದಾರೆ. ಆಟದ ಮೂಲ ಸಂಕೇತ ಅವರ ಕೈಯಲ್ಲಿರಲಿಲ್ಲ. ಸಂಭಾಷಣೆಯ ಕಡತಗಳು, ಪೈಥಾನ್ ಭಾಷೆಯ ಸೂಚನೆಗಳು ಮಾತ್ರ ತೆರೆದು ಓದುವಂತಿದ್ದವು. ಹೊಟ್ಟೆ ಕೊಯ್ಯದೆ, ಮುಟ್ಟಿ ನೋಡಿ ರೋಗ ಪತ್ತೆಹಚ್ಚುವ ಹಳೆಯ ವೈದ್ಯರ ರೀತಿ ಇದು. ಒಂದು ಷರತ್ತು ತಪ್ಪಿದರೆ ಕಥೆ ಮುಂದೆ ಸಾಗದು. ಅದನ್ನು ತಿದ್ದಿದರೆ ಇನ್ನೆಲ್ಲೋ ಹೊಸ ತೊಡಕು ಏಳಬಹುದು. ಆದ್ದರಿಂದ ಇದು ಒಂದೇ ಸಲದ ಶಸ್ತ್ರಚಿಕಿತ್ಸೆಯಲ್ಲ, ದೀರ್ಘಕಾಲದ ಆರೈಕೆ.

ಈ ತೇಪೆಯಲ್ಲಿ ಎರಡು ಬಗೆಯಿದೆ. ‘ಬೇಸಿಕ್’ ದೋಷಗಳನ್ನಷ್ಟೇ ತಿದ್ದುತ್ತದೆ. ‘ಪ್ಲಸ್’ ಅದಕ್ಕೂ ಮುಂದೆ ಹೋಗಿ, ಟ್ರೋಯ್ಕಾ ಕೈಬಿಟ್ಟಿದ್ದ ಸಾಮಗ್ರಿಯನ್ನು ಮರಳಿ ಜೋಡಿಸುತ್ತದೆ, ಕೆಲವು ನಿಯಮಗಳನ್ನೂ ಬದಲಿಸುತ್ತದೆ. ವಿಮರ್ಶೆಯ ಪ್ರಶ್ನೆ ಏಳುವುದು ಇಲ್ಲಿ.

ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. ‘ವಡ್ಡಾರಾಧನೆ’ಯನ್ನು ಸಂಪಾದಿಸಿದ ಡಿ. ಎಲ್. ನರಸಿಂಹಾಚಾರ್ಯರು 1964ರಲ್ಲಿ ‘ಕನ್ನಡ ಗ್ರಂಥಸಂಪಾದನೆ’ ಎಂಬ ಶಾಸ್ತ್ರಗ್ರಂಥವನ್ನೇ ಕೊಟ್ಟರು. ಓಲೆಗರಿಯ ಲಿಪಿಕಾರ ಕಣ್ತಪ್ಪಿನಿಂದ ಅಕ್ಷರ ಬಿಟ್ಟರೆ ಸಂಪಾದಕ ಅದನ್ನು ಗುರುತಿಸಬಲ್ಲ. ಆದರೆ ಬುದ್ಧಿವಂತ ಲಿಪಿಕಾರ ತನಗೆ ಹಿತವಾದಂತೆ ಪದ್ಯವನ್ನು ‘ಸುಧಾರಿಸಿದರೆ’ ಅದು ಮೂಲವೆಂದೇ ಸಾಗಿಬರುತ್ತದೆ. ಅದಕ್ಕಾಗಿಯೇ ಒಳ್ಳೆಯ ಸಂಪಾದಕರು ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಕೊಡುತ್ತಾರೆ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ವೃತ್ತಿಯ ಆರಂಭದ ವರ್ಷಗಳಲ್ಲಿ ಒಬ್ಬ ವೃದ್ಧರ ರಕ್ತದೊತ್ತಡವನ್ನು ಪುಸ್ತಕದ ಅಂಕಿಗೆ ಇಳಿಸಲೇಬೇಕೆಂದು ಮಾತ್ರೆ ಹೆಚ್ಚಿಸಿದೆ. ಅಂಕಿ ಸರಿಹೋಯಿತು. ಅವರು ಒಂದು ಮುಂಜಾನೆ ಹಾಸಿಗೆಯಿಂದ ಏಳುವಾಗ ತಲೆಸುತ್ತಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮತ್ತೆ ಕೋಲಿಲ್ಲದೆ ನಡೆಯಲಿಲ್ಲ. ಅವರು ನನ್ನ ಬಳಿ ಬಂದದ್ದು ಮಂಡಿನೋವಿಗೆ. ಅವರು ಕೇಳದ ದೋಷವನ್ನು ನಾನು ತಿದ್ದಿದ್ದೆ, ಏನಾಗಬಹುದೆಂದು ಅವರಿಗೆ ವಿವರಿಸಿಯೂ ಇರಲಿಲ್ಲ.

ಪ್ಲಸ್ ಪರವಾಗಿ ಬಲವಾದ ವಾದವಿದೆ: ಸಮಯ ಸಾಲದೆ ಕೈಬಿಟ್ಟದ್ದನ್ನು ಮರಳಿಸಿದರೆ ಕರ್ತೃವಿನ ಇಚ್ಛೆಯೇ ನೆರವೇರಿದಂತೆ. ಆದರೆ ಸಮಯ ಸಾಲದೆ ಬಿಟ್ಟದ್ದು ಯಾವುದು, ಬೇಡವೆಂದು ಬಿಟ್ಟದ್ದು ಯಾವುದು ಎಂಬುದನ್ನು ಕಡತವೊಂದೇ ಹೇಳಲಾರದು. ದೋಷ ಮತ್ತು ಗುಣದ ಗಡಿಯೂ ಸ್ಪಷ್ಟವಲ್ಲ. ಒಂದೇ ಕೆಲಸಕ್ಕೆ ಎರಡು ಬಾರಿ ಅಂಕ ಸಿಗುವ ಕಿಂಡಿಯನ್ನು ಮುಚ್ಚುವುದು ಚಿಕಿತ್ಸೆಯೋ, ಆಟಗಾರನ ಸುಖಕ್ಕೆ ಅಡ್ಡಿಯೋ?

ಸ್ಪಾಲ್ ಅವರ ಹೆಗ್ಗಳಿಕೆಯೆಂದರೆ ಬದಲಾವಣೆಗಳ ಪಟ್ಟಿಯನ್ನು ತೇಪೆಯ ಜೊತೆಗೇ ಕೊಡುತ್ತಾರೆ, ಆಯ್ಕೆಯನ್ನೂ ಬಳಸುವವನಿಗೆ ಬಿಡುತ್ತಾರೆ. ನಾನು ಮಾಡದೆ ಹೋದದ್ದು ಅದನ್ನೇ. ನನ್ನ ಆಕ್ಷೇಪ ಒಂದೇ: ಎರಡೂ ಒಂದೇ ಹೆಸರಿನಲ್ಲಿ ಸಾಗುತ್ತವೆ. ಮಗ ಆರಿಸಿದ್ದು ಪ್ಲಸ್. ಗ್ರಂಥಾಲಯದ ಒಂದು ಸನ್ನಿವೇಶವನ್ನು ತೋರಿಸಿ, “ಟ್ರೋಯ್ಕಾದವರ ಕಲ್ಪನೆ ನೋಡಿ ಅಪ್ಪ” ಎಂದ. ಅದು 2004ರ ಆಟದಲ್ಲಿ ಇರಲೇ ಇಲ್ಲ. ತೇಪೆ ಮರಳಿಸಿದ ಭಾಗ. ಪಟ್ಟಿಯನ್ನು ಅವನು ಓದಿರಲಿಲ್ಲ. ‘ಫಾಲೌಟ್ 2’ ಆಟಕ್ಕೆ ದೋಷಪರಿಹಾರದ ತೇಪೆ ಮತ್ತು ಪುನಃಸ್ಥಾಪನೆಯ ಯೋಜನೆ ಬೇರೆ ಬೇರೆ ಹೆಸರಿನಲ್ಲಿ ಬಂದವು. ಅದೇ ಸರಿಯಾದ ಮೇಲ್ಪಂಕ್ತಿ.

ಈಗ ಗಾಗ್ ಮಳಿಗೆ ಮಾರುವ ಪ್ರತಿಯಲ್ಲಿ ಈ ತೇಪೆ ಸೇರಿಯೇ ಬರುತ್ತದೆ. ಅನಧಿಕೃತವಾದದ್ದೇ ಸರ್ವಮಾನ್ಯ ಪಾಠವಾಗಿದೆ. ತಿದ್ದುವವರಿಲ್ಲದಿದ್ದರೆ ಈ ಕೃತಿ ಉಳಿಯುತ್ತಿರಲಿಲ್ಲ, ಈ ಋಣ ದೊಡ್ಡದು. ಆದರೂ ತೇಪೆಯ ಹೊಲಿಗೆ ಕಾಣುವಂತಿರಬೇಕು. ಆ ರಾತ್ರಿ ಮಗನಿಗೆ ಬದಲಾವಣೆಗಳ ಪಟ್ಟಿಯನ್ನು ಓದಲು ಹೇಳಿದೆ. ಓದಿ ಮುಗಿಸಿ, “ಮತ್ತೊಮ್ಮೆ ಬೇಸಿಕ್ ಹಾಕಿ ಆಡ್ತೀನಿ” ಎಂದ. ಈಗ ಎರಡೂ ಪ್ರತಿಗಳನ್ನು ಇಟ್ಟುಕೊಂಡಿದ್ದಾನೆ.