ಕಂಪನಿ ಹೆದೆಯನ್ನು ಕಿತ್ತೆಸೆಯುವ ಮುನ್ನ

ನಿಡಘಟ್ಟದಿಂದ ಬೆಂಗಳೂರಿನ ಕಡೆ ಹೊರಟರೆ ಮೊದಲು ಸಿಗುವ ದೊಡ್ಡ ಊರು ಚನ್ನಪಟ್ಟಣ. ಈಗ ಅದು ಬೊಂಬೆಗಳ ಊರು. 1800ರಲ್ಲಿ ಇದೇ ದಾರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಹೋದ ಫ್ರಾನ್ಸಿಸ್ ಬುಕನನ್ ಬರೆದಿಟ್ಟದ್ದು ಅಲ್ಲಿನ ಇನ್ನೊಂದು ಕಸುಬನ್ನು: ವಾದ್ಯಗಳಿಗೆ ಹಾಕುವ ಉಕ್ಕಿನ ತಂತಿ. ದೇಶದ ದೂರದೂರಕ್ಕೆ ಅದು ಹೋಗುತ್ತಿತ್ತಂತೆ. ವಾದ್ಯ ಒಂದೂರಿನದು, ತಂತಿ ಇನ್ನೊಂದೂರಿನದು. ತೋಳುಗಳ ತುದಿಯಲ್ಲಿ ರಾಟೆಯಂಥ ಕ್ಯಾಮ್‌ಗಳಿರುವ ಕಾಂಪೌಂಡ್ ಬಿಲ್ಲು ಹಿಡಿದವರೂ ಇಂದು ಇದೇ ಏರ್ಪಾಡನ್ನು ಬಯಸುತ್ತಾರೆ. ಬಿಲ್ಲು ಹಾಯ್ಟ್, ಮ್ಯಾಥ್ಯೂಸ್, ಪಿಎಸ್‌ಇ ಯಾವುದಾದರೂ ಇರಲಿ, ಜೊತೆಗೆ ಬಂದ ಹೆದೆಯನ್ನು ಮೊದಲ ದಿನವೇ ಬಿಚ್ಚಿ ಬೇರೆಯವರು ಕಟ್ಟಿದ್ದನ್ನು ಹಾಕಬೇಕು ಎನ್ನುವುದು ಅವರ ಪಾಠ.

ಈ ಪಾಠ ಬಂದದ್ದು ಅಮೆರಿಕದ ಬೇಟೆಗಾರರಿಂದ. ಮುಂಜಾನೆಯ ಚಳಿಯಲ್ಲಿ ಮರವೇರಿ ಕೂತು ಇಡೀ ದಿನಕ್ಕೆ ಒಂದೇ ಬಾಣ ಬಿಡುವವನಿಗೆ ಹೆದೆಯ ಸದ್ದು, ಬಾಣದ ವೇಗ ದೊಡ್ಡ ವಿಷಯ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಬೇಟೆಯ ಮಾತೇ ಇಲ್ಲ. ಬೇಟೆಗೆಂದು ತಯಾರಾದ 70 ಪೌಂಡ್ ಸೆಳೆತದ ಬಿಲ್ಲು ಕೊಂಡವನೂ ಸ್ಪರ್ಧೆಗೆ ಇಳಿಯುವಾಗ ಅದನ್ನು 60 ಪೌಂಡಿಗೆ ಇಳಿಸಲೇಬೇಕು. ಅವನ ಎದುರಿಗಿರುವುದು 50 ಮೀಟರ್ ದೂರದ ಗುರಿ, ಅದರ ನಡುವೆ 8 ಸೆಂಟಿಮೀಟರ್ ಅಗಲದ ಹತ್ತರ ವೃತ್ತ. ಅರ್ಹತಾ ಸುತ್ತಿಗೆ 72 ಬಾಣ. ಆದ್ದರಿಂದ ಇಲ್ಲಿ ಹೆದೆಗೆ ಇರುವುದು ಒಂದೇ ಪರೀಕ್ಷೆ: ಎಪ್ಪತ್ತೆರಡನೆಯ ಬಾಣಕ್ಕೂ ಅದು ಮೊದಲನೆಯದರ ಹಾಗೆಯೇ ಇದೆಯೇ?

ಕಂಪನಿ ಹೆದೆಯ ಮೇಲಿನ ದೂರಿನಲ್ಲಿ ಹುರುಳಿಲ್ಲದಿಲ್ಲ. ಹಾಲಿಸ್ ಆಲೆನ್ 1969ರಲ್ಲಿ ಕಾಂಪೌಂಡ್ ಬಿಲ್ಲಿಗೆ ಪೇಟೆಂಟ್ ಪಡೆದ ಹೊಸತರಲ್ಲಿ ಕೇಬಲ್‌ಗಳು ಉಕ್ಕಿನವಾಗಿದ್ದವು. ಭಾರವಾದರೂ ಹಿಗ್ಗುತ್ತಿರಲಿಲ್ಲ. ಈಗ ಬಳಕೆಯಲ್ಲಿರುವ ಡೈನೀಮಾ ನಾರು ಹಗುರ, ಅದೇ ತೂಕದ ಉಕ್ಕಿಗಿಂತ ಎಷ್ಟೋ ಪಟ್ಟು ಗಟ್ಟಿ. ಆದರೆ ಸದಾ ಬಿಗಿದಿದ್ದರೆ, ಅದರಲ್ಲೂ ಬಿಸಿ ತಾಗಿದರೆ, ಸ್ವಲ್ಪಸ್ವಲ್ಪವೇ ಉದ್ದವಾಗುತ್ತದೆ, ಮತ್ತೆ ಕುಗ್ಗುವುದಿಲ್ಲ. ಅದಕ್ಕೇ ಬಿಸಿವೈ ಕಂಪನಿಯ 452ಎಕ್ಸ್ ದಾರದಲ್ಲಿ ಸುಮಾರು ಮೂರನೇ ಒಂದು ಪಾಲು ವೆಕ್ಟ್ರಾನ್ ಇರುತ್ತದೆ. ವೆಕ್ಟ್ರಾನ್ ಹಿಗ್ಗದು, ತಿಕ್ಕಾಟಕ್ಕೆ ಮತ್ತು ಬಿಸಿಲಿಗೆ ಮಾತ್ರ ಬೇಗ ಸೋಲುತ್ತದೆ.

ಹಿಗ್ಗಿದರೆ ಏನಾಗುತ್ತದೆ? ಎರಡು ಕ್ಯಾಮ್‌ಗಳ ಬಿಲ್ಲಿನಲ್ಲಿ ಒಂದು ಕೇಬಲ್ ಇನ್ನೊಂದಕ್ಕಿಂತ ಒಂದೆರಡು ಮಿಲಿಮೀಟರ್ ಹೆಚ್ಚು ಹಿಗ್ಗಿದರೂ ಸಾಕು, ಮೇಲಿನ ಕ್ಯಾಮ್ ಒಂದು ಗಳಿಗೆಗೆ, ಕೆಳಗಿನದು ಇನ್ನೊಂದು ಗಳಿಗೆಗೆ ತಡೆಗೆ ತಾಗುತ್ತದೆ. ಬಾಣಗಳು ಮೇಲೆ ಕೆಳಗೆ ಚದುರುತ್ತವೆ. ಹುಡುಗ ಪಾಪ ತನ್ನ ಭುಜವನ್ನು ಬೈದುಕೊಳ್ಳುತ್ತಾನೆ, ಕೋಚ್ ಹುಡುಗನನ್ನು ಬೈಯುತ್ತಾರೆ. ಇನ್ನೊಂದು ಕಾಟ ಪೀಪ್‌ನದು, ಅಂದರೆ ಗುರಿ ನೋಡಲು ಹೆದೆಯಲ್ಲಿ ಕೂರಿಸಿದ ಕಿಂಡಿಯದು. ಹೆದೆಯ ಎಳೆಗಳ ಬಿಗಿ ಒಂದೇ ಸಮ ಇಲ್ಲದಿದ್ದರೆ, ಸೆಳೆದಾಗ ಹೆದೆ ತಿರುಚಿಕೊಂಡು ಆ ಪುಟ್ಟ ಕಿಂಡಿ ಕಣ್ಣಿಗೆ ಎದುರಾಗುವ ಬದಲು ಪಕ್ಕಕ್ಕೆ ಹೊರಳುತ್ತದೆ. ರಾಮನಗರ ಸೀಮೆಯ ರೇಷ್ಮೆ ಹುರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆಯ ಹೆದೆಗಾರ ಎಳೆಗಳನ್ನು ಗಂಟೆಗಟ್ಟಲೆ ಬಿಗಿದಿಟ್ಟು, ಹಿಗ್ಗುವುದೆಲ್ಲ ಹಿಗ್ಗಿದ ಮೇಲೆ, ಆ ಬಿಗಿಯಲ್ಲೇ ಮೇಲುಹೊದಿಕೆಯ ಸರ್ವಿಂಗ್ ದಾರ ಸುತ್ತುತ್ತಾನೆ. ರಾಶಿಗಟ್ಟಲೆ ತಯಾರಿಸುವ ಕಾರ್ಖಾನೆಗೆ ಅಷ್ಟು ಪುರಸೊತ್ತು ಎಲ್ಲಿ?

ಹಾಗೆಂದು ಕಂಪನಿಗಳೇನೂ ಸುಮ್ಮನೆ ಕೂತಿಲ್ಲ. ಎರಡು ಬಣ್ಣದ ಎಳೆಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಹೊಸೆದು, ಪೀಪ್ ಹೊರಳದಂತೆ ಮಾಡುವ ಮ್ಯಾಥ್ಯೂಸ್‌ನ ಜೀಬ್ರಾ ಹೆದೆ ಇದಕ್ಕೆ ಸಾಕ್ಷಿ. ಎಲ್ಲ ಕಂಪನಿ ಹೆದೆಯೂ ಕಳಪೆ ಎಂಬ ಮಾತು ಹಳತಾಯಿತು. ಅದನ್ನೇ ಹಿಡಿದು ಹೊಸ ಹೆದೆ ತರಿಸುವವರಲ್ಲಿ ಹಲವರಿಗೆ ಬೇಕಾದದ್ದು ಬಣ್ಣ ಎಂಬ ಗುಮಾನಿ ನನಗಿದೆ. ತಪ್ಪೇನಿಲ್ಲ, ಆದರೆ ಅದನ್ನು ನಿಖರತೆಯ ಲೆಕ್ಕದಲ್ಲಿ ಬರೆಯಬಾರದು.

ನನ್ನ ನಿಜವಾದ ತಕರಾರು ಹೆದೆ ಬದಲಿಸುವ ರೀತಿಯ ಬಗ್ಗೆ. ಕಾಂಪೌಂಡ್ ಬಿಲ್ಲು ಸುಮ್ಮನೆ ಮಲಗಿದ್ದಾಗಲೂ ಅದರ ತೋಳುಗಳು ಬಾಗಿಯೇ ಇರುತ್ತವೆ. ಪ್ರೆಸ್‌ನಲ್ಲಿಟ್ಟು ಒತ್ತದೆ ಹೆದೆ ಬಿಚ್ಚಿದರೆ ತೋಳು ಸಿಡಿಯುತ್ತದೆ, ಬೆರಳು ಹೋಗುತ್ತದೆ. ಆ ಪ್ರೆಸ್‌ಗಾಗಿ ನಮ್ಮ ಮಂಡ್ಯದ ಕಡೆಯವರು ಬೆಂಗಳೂರಿಗೋ ಮೈಸೂರಿಗೋ ಓಡಬೇಕು. ಹೊಸ ಹೆದೆ ಹಾಕಿಸಿಕೊಂಡು ಬರುತ್ತಾರೆ, ನೂರಿನ್ನೂರು ಬಾಣ ಬಿಟ್ಟ ಮೇಲೆ ಅದು ಕೂತುಕೊಳ್ಳುತ್ತದೆ, ಆಗ ಕೇಬಲ್‌ಗೆ ಅರ್ಧ ಸುತ್ತೋ ಒಂದು ಸುತ್ತೋ ಹುರಿ ಏರಿಸಿ ಕ್ಯಾಮ್‌ಗಳನ್ನು ಸರಿಗೂಡಿಸಬೇಕು. ಆ ಎರಡನೆಯ ಭೇಟಿಗೆ ಯಾರೂ ಹೋಗುವುದಿಲ್ಲ. ಕೂತ ಕಂಪನಿ ಹೆದೆಯನ್ನು ಬಿಚ್ಚಿ, ಕೂರದ ದುಬಾರಿ ಹೆದೆಯಿಂದ ಹೊಡೆಯುವುದು ಯಾವ ಜಾಣತನ? ಹೋಗಿಬರುವಾಗ ಎಕ್ಸ್‌ಪ್ರೆಸ್‌ವೇಯಿಂದ ಇಳಿದು, ಏಪ್ರಿಲ್ ಬಿಸಿಲಿನಲ್ಲಿ ಕಾರು ನಿಲ್ಲಿಸಿ ಮದ್ದೂರುವಡೆ ತಿನ್ನಲು ಹೋದರಂತೂ ಮುಚ್ಚಿದ ಡಿಕ್ಕಿಯೊಳಗೆ ಹೆದೆಗೆ ಕಾದಿರುವುದು ಬೇರೆಯೇ ಪರೀಕ್ಷೆ.

ಪ್ಯಾರಿಸ್‌ನ 2024ರ ಪ್ಯಾರಾಲಿಂಪಿಕ್ಸ್‌ನಲ್ಲಿ ಶೀತಲ್ ದೇವಿ ಮತ್ತು ರಾಕೇಶ್ ಕುಮಾರ್ ಕಂಚು ಗೆದ್ದದ್ದು ಕಾಂಪೌಂಡ್ ಮಿಶ್ರ ತಂಡದಲ್ಲಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ. ಈ ಬಿಲ್ಲು ಕೊಳ್ಳುವ ಮಕ್ಕಳು ಇನ್ನು ಹೆಚ್ಚುತ್ತಾರೆ. ಅವರ ತಂದೆತಾಯಿಗೆ ನಾನು ಹೇಳುವುದಿಷ್ಟು: ಬಿಲ್ಲು ಬಂದ ದಿನ ಅಚ್ಚಿನಿಂದ ಅಚ್ಚಿಗೆ ಎಷ್ಟು, ಹಿಡಿಯಿಂದ ಹೆದೆಗೆ ಎಷ್ಟು ಎಂದು ಅಳೆದು ಬರೆದಿಡಿ, ಕ್ಯಾಮ್ ಮೇಲೆ ಗುರುತು ಹಾಕಿ, ಹೆದೆಗೆ ಆಗಾಗ ಮೇಣ ತಿಕ್ಕಿ. ಎಳೆ ಕಡಿದರೆ, ಸರ್ವಿಂಗ್ ಬಿಟ್ಟುಕೊಂಡರೆ, ಸರಿಪಡಿಸಿದ ಮೇಲೂ ಅಳತೆ ಮತ್ತೆ ಮತ್ತೆ ಜಾರಿದರೆ ತಡಮಾಡದೆ ಬದಲಿಸಿ. ಅಲ್ಲಿಯವರೆಗೆ ಕಂಪನಿ ಹೆದೆಯೇ ಸಾಕು. ಹೊಸ ಹೆದೆಗೆ ಹಾಕುವ ಹಣವನ್ನು ನಾಲ್ಕು ಮನೆಯವರು ಕೂಡಿಸಿ ಮಂಡ್ಯಕ್ಕೆ ಒಂದು ಪ್ರೆಸ್ ತರಿಸಿ.