ಸರ್ಕಾರದ ಕನ್ನಡ ಬರೆಯುವವರಿಗೆ ಪರೀಕ್ಷೆ ಎಲ್ಲಿದೆ?

ಕರ್ನಾಟಕ ಲೋಕಸೇವಾ ಆಯೋಗವು (ಕೆಪಿಎಸ್‌ಸಿ) 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗಾಗಿ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಸಿತು. ಕೆಲವು ಕನ್ನಡ ಪ್ರಶ್ನೆಗಳು ಅರ್ಥವಾಗಬೇಕಾದರೆ ಜೊತೆಗಿದ್ದ ಇಂಗ್ಲಿಷನ್ನು ಓದಬೇಕಿತ್ತು. ಪ್ರತಿಭಟನೆ ನಡೆದು, ಮುಖ್ಯಮಂತ್ರಿಗಳೇ ಮರುಪರೀಕ್ಷೆಗೆ ಸೂಚಿಸಿದರು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅನುವಾದದ ತಪ್ಪುಗಳು ತಪ್ಪಲಿಲ್ಲ. ಮೊದಲನೆಯದನ್ನು ಅಜಾಗರೂಕತೆ ಎನ್ನಬಹುದು. ನಾಲ್ಕು ತಿಂಗಳಲ್ಲಿ ಮತ್ತೆ ಆದದ್ದಕ್ಕೆ ಆ ನೆಪ ಸಾಲದು.

ಪೆಟ್ಟು ಬೀಳುವುದು ಯಾರಿಗೆ? ಅರಕಲಗೂಡಿನಲ್ಲೋ ಹೊಳೆನರಸೀಪುರದಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಅಭ್ಯರ್ಥಿಗೆ. ಕನ್ನಡದಲ್ಲಿ ಬರೆಯುವ ಹಕ್ಕು ಅವರಿಗಿದೆ, ಆದರೆ ಆ ಹಕ್ಕು ಕೆಲಸಕ್ಕೆ ಬರಬೇಕಾದರೆ ಇಂಗ್ಲಿಷ್ ಗೊತ್ತಿರಬೇಕು!

ಹಾಗೆಂದು ಕನ್ನಡಕ್ಕೆ ಆಡಳಿತದ ಕಸುವಿಲ್ಲ ಎನ್ನುವ ಮಾತು ನಿಲ್ಲುವುದಿಲ್ಲ. ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಗೆ ಹೋದವರಿಗೆ ಪಹಣಿ, ಪೋಡಿ, ಖರಾಬು, ಬಗರ್ ಹುಕುಂ ಎಂದರೆ ಯಾರೂ ವಿವರಿಸಬೇಕಿಲ್ಲ. ಅಲ್ಲಿ ಕಡತ ಹುಟ್ಟುವುದೇ ಕನ್ನಡದಲ್ಲಿ. ಬೆಂಗಳೂರಿನಲ್ಲಿ ಇಂಗ್ಲಿಷ್‌ನಲ್ಲಿ ಹುಟ್ಟಿ, ಕೊನೆಯ ಗಳಿಗೆಯಲ್ಲಿ ಕನ್ನಡವಾಗುವ ಬರಹವೇ ಎಡವುವುದು. ಕನ್ನಡದಿಂದ ಇಂಗ್ಲಿಷ್‌ಗೆ ಹೋಗುವಾಗಲೂ ಅಪಾಯವಿದೆ: ಹಾಸನದ ನ್ಯಾಯಾಲಯದಲ್ಲಿ ಕನ್ನಡದಲ್ಲಿ ದಾಖಲಾದ ಸಾಕ್ಷ್ಯ ಹೈಕೋರ್ಟ್‌ಗೆ ಹೋಗುವಾಗ ಇಂಗ್ಲಿಷ್‌ಗೆ ತಿರುಗಬೇಕಾಗಬಹುದು. ಒಂದು ಪದ ಜಾರಿದರೂ ಸಾಕ್ಷಿ ಹೇಳಿದ್ದೇ ಬೇರೆಯಾದೀತು.

ಇಷ್ಟು ಹೊಣೆಯ ಕೆಲಸಕ್ಕೆ ನಾವು ಜನರನ್ನು ಸಜ್ಜುಗೊಳಿಸಿದ ಬಗೆ ನೋಡಿ. ಕರ್ನಾಟಕದ ರಾಜಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ನೌಕರರ ಕನ್ನಡ ಭಾಷಾ ಪರೀಕ್ಷೆಗೆ 1974ರ ನಿಯಮಗಳಿವೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2024ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಕಾನೂನಿಗೆ ಕೊರತೆಯಿಲ್ಲ. ಆದರೆ ಭಾಷಾ ಪರೀಕ್ಷೆ ಅಳೆಯುವುದು ನೌಕರನಿಗೆ ಕನ್ನಡ ಬರುತ್ತದೆಯೇ ಎಂಬುದನ್ನು. ಕಾನೂನನ್ನೋ ಅರ್ಥಶಾಸ್ತ್ರದ ಪ್ರಶ್ನೆಯನ್ನೋ ಎರಡರ್ಥವಿಲ್ಲದಂತೆ ಕನ್ನಡದಲ್ಲಿ ಬರೆಯುವುದು ಬೇರೆಯೇ ಕಸುಬು. ಕಾಯ್ದೆಗಳ ಅನುವಾದಕ್ಕೆ ಭಾಷಾಂತರ ನಿರ್ದೇಶನಾಲಯವಿದ್ದರೂ, ಉಳಿದೆಡೆ ಈ ಕಸುಬು ‘ಎರಡೂ ಭಾಷೆ ಬಲ್ಲವರು’ ಯಾರಾದರೂ ಮಾಡಬಹುದಾದ ಹೆಚ್ಚುವರಿ ಕೆಲಸವೆಂದೇ ನಡೆದಿದೆ.

ಐರ್ಲೆಂಡ್ ಇಂಥದೇ ಅನುವಾದಕರ ಕೊರತೆಯನ್ನು ಬಾಯಿಬಿಟ್ಟು ಒಪ್ಪಿಕೊಂಡಿತು. ಐರಿಷ್ 2007ರಲ್ಲಿ ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆಯಾದರೂ, ಅನುವಾದಕರು ಸಾಲದೆ ಹೆಚ್ಚಿನ ದಾಖಲೆಗಳನ್ನು ಐರಿಷ್‌ಗೆ ಅನುವಾದಿಸುವುದರಿಂದ ವಿನಾಯಿತಿ ಇತ್ತು. ವಕೀಲ-ಭಾಷಾತಜ್ಞರನ್ನೂ ಅನುವಾದಕರನ್ನೂ ತರಬೇತಿಗೊಳಿಸಿದ ಮೇಲೆ, 2022ರ ಜನವರಿ 1ಕ್ಕೆ ಆ ವಿನಾಯಿತಿ ಕೊನೆಗೊಂಡಿತು. 2030ರ ಕೊನೆಗೆ ಸಾರ್ವಜನಿಕ ಸೇವೆಯ ಹೊಸ ನೇಮಕಾತಿಗಳಲ್ಲಿ ಶೇ 20ರಷ್ಟು ಐರಿಷ್ ಬಲ್ಲವರಿರಬೇಕೆಂಬ ಗುರಿ ಅಲ್ಲಿನ ಅಧಿಕೃತ ಭಾಷೆಗಳ ಕಾಯ್ದೆಯ 2021ರ ತಿದ್ದುಪಡಿಯಲ್ಲಿದೆ. ಭಾಷೆ ಬಲ್ಲವರನ್ನು ಎಣಿಸುವ ಈ ಗುರಿ ಬರಹದ ಗುಣವನ್ನು ಅಳೆಯದು ಎಂಬುದು ನಿಜ. ಆದರೂ ಅಲ್ಲಿ ಗಡುವಿದೆ, ಗಡುವಿಗೆ ತಕ್ಕ ತರಬೇತಿಯಿದೆ. ಜನಬಲದಲ್ಲಿ ಐರಿಷ್‌ಗಿಂತ ಎಷ್ಟೋ ದೊಡ್ಡದಾದ ಕನ್ನಡಕ್ಕೆ ಇವೆರಡೂ ಇಲ್ಲ.

ಕೆಪಿಎಸ್‌ಸಿ ಮುಂದಿನ ಅಧಿಸೂಚನೆಗೆ ಮೊದಲು ಮಾಡಬಹುದಾದ ಕೆಲಸಗಳಿವೆ. ಪ್ರಶ್ನೆಗಳಲ್ಲಿ ಒಂದು ಪಾಲನ್ನಾದರೂ ಕನ್ನಡದಲ್ಲೇ ರಚಿಸಲಿ. ಅನುವಾದಕರನ್ನು ಬರಹದ ಪರೀಕ್ಷೆಯಿಂದಲೇ ಆರಿಸಿ, ತಕ್ಕ ಸಂಬಳ ಕೊಡಲಿ. ಇಂಗ್ಲಿಷ್ ಮೂಲವನ್ನು ಕಾಣದ ವಿಷಯತಜ್ಞರೊಬ್ಬರು ಕನ್ನಡ ಪತ್ರಿಕೆಯನ್ನಷ್ಟೇ ಓದಿ ಗೌಪ್ಯವಾಗಿ ಉತ್ತರಿಸಲಿ. ಅವರಿಗೆ ತಿಳಿಯದ ಪ್ರಶ್ನೆ ಅಚ್ಚಿಗೆ ಹೋಗಬಾರದು. ಅಭ್ಯರ್ಥಿಯ ಕನ್ನಡವನ್ನು ಕಡ್ಡಾಯ ಪತ್ರಿಕೆಯಿಂದ ಅಳೆಯುವ ಆಯೋಗ ತನ್ನ ಕನ್ನಡವನ್ನೂ ಅಳತೆಗೆ ಒಡ್ಡಬೇಕು.